ಒಂಬತ್ತು ಗೀಟಿನ ಘಾಟಿ

ರಾತ್ರಿ ಹನ್ನೊಂದು ಗಂಟೆ ದಾಟಿತ್ತು. ನಾಗೋಯಾದ ಒಂದು ಆಸ್ಪತ್ರೆ. ಐಸಿಯು ಪಕ್ಕದ ಪುಟ್ಟ ರೂಮಿನಲ್ಲಿ ಮೂರು ಜನ ಕೂತಿದ್ದೆವು. ಡಾಕ್ಟರು, ನಾನು, ಅರಸೀಕೆರೆ ಕಡೆಯ ಒಬ್ಬಳು ಹುಡುಗಿ. ಒಳಗೆ ಮಲಗಿದ್ದವನು ಅವಳ ಗಂಡ. ಜ್ವರ ಅಂತ ಶುರುವಾಗಿದ್ದು ನಾಲ್ಕೇ ದಿನದಲ್ಲಿ ನ್ಯುಮೋನಿಯಾ ಆಗಿತ್ತು. ಹುಡುಗಿ ಜಪಾನಿಗೆ ಬಂದು ಐದು ತಿಂಗಳಾಗಿತ್ತು ಅಷ್ಟೆ. 'ಅರಿಗಾತೋ', 'ಸುಮಿಮಾಸೆನ್' ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ನನ್ನದು ಇಲ್ಲಿ ಕಂಪನಿಯೊಂದರಲ್ಲಿ ಅನುವಾದದ ಕೆಲಸ. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ನನ್ನ ನಂಬರ್ ಕೊಟ್ಟಿದ್ದರು.

ದಿನವಿಡೀ ನಾನು ಅನುವಾದ ಮಾಡೋದು ಯಂತ್ರಗಳ ಕೈಪಿಡಿ. 'ಈ ಬೋಲ್ಟನ್ನು ಇಷ್ಟು ಬಿಗಿ ಮಾಡಿ' ಅನ್ನುವಂಥದ್ದು. ಅಲ್ಲಿ ತಪ್ಪಾದರೆ ಇನ್ನೊಮ್ಮೆ ತಿದ್ದಬಹುದು. ಆ ರೂಮಿನಲ್ಲಿ ನನ್ನ ಬಾಯಿ ಒಣಗಿತ್ತು.

ಡಾಕ್ಟರು ಎಕ್ಸ್‌ರೇ ತೋರಿಸಿದರು. ಆಕ್ಸಿಜನ್ ಎಷ್ಟಿದೆ, ಯಾವ ಔಷಧ ಬದಲಾಯಿಸಿದ್ದೇವೆ ಅಂತ ಹೇಳಿದರು. ಅದೆಲ್ಲ ಹೇಗೋ ದಾಟಿಸಿದೆ. ಆಮೇಲೆ ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಒಂದೇ ವಾಕ್ಯ ಹೇಳಿದರು. 'ಕೊನ್ಯಾ ಗಾ ತೋಗೆ ದೆಸು.'

ಕೊನ್ಯಾ ಅಂದರೆ ಈ ರಾತ್ರಿ. ತೋಗೆ ಅಂದರೆ ಘಾಟಿ. ಘಾಟಿ ಅಂದರೆ ಇಡೀ ಘಾಟಿಯಲ್ಲ. ರಸ್ತೆ ಬೆಟ್ಟ ಹತ್ತಿ ಹತ್ತಿ, ಇನ್ನು ಹತ್ತೋಕೆ ಏನೂ ಇಲ್ಲ ಅಂತಾಗಿ, ಆಚೆ ಕಡೆ ಇಳಿಯೋಕೆ ತಿರುಗುತ್ತದಲ್ಲ, ಆ ಜಾಗ. 'ಈ ರಾತ್ರಿಯೇ ತೋಗೆ.' ಟಿವಿ ಧಾರಾವಾಹಿಗಳಲ್ಲಿ ನೂರು ಸಲ ಕೇಳಿದ್ದ ಮಾತು. ಕೆಲವರು ತೋಗೆ ಬದಲು 'ಯಾಮಾ', ಅಂದರೆ ಬೆಟ್ಟ, ಅಂತಲೂ ಅನ್ನುತ್ತಾರೆ. ಸೋಫಾ ಮೇಲೆ ಕೂತು ಕೇಳುವಾಗ ಅದರ ತೂಕ ಗೊತ್ತಾಗಿರಲಿಲ್ಲ.

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. 'ಏನಂದ್ರು ಅಕ್ಕಾ?'

'ಇವತ್ತೊಂದು ರಾತ್ರಿ ಕಳೀಬೇಕಂತೆ' ಅಂದೆ.

ತಪ್ಪೇನಿಲ್ಲ. ನಮ್ಮೂರಲ್ಲಿ ಡಾಕ್ಟರು ಹೇಳೋದೂ ಹಾಗೇ. ಆದರೆ ಬಾಯಿಂದ ಬಂದ ಕೂಡಲೇ ಏನೋ ಕೈತಪ್ಪಿತು ಅನ್ನಿಸಿತು. ರಾತ್ರಿ ಕಳೆಯೋದು ಅಂದರೆ ಗಡಿಯಾರ ನೋಡುತ್ತಾ ಕೂರೋದು. ಡಾಕ್ಟರ ಮಾತಿನಲ್ಲಿ ಒಳಗೆ ಮಲಗಿದ್ದವನು ಮಲಗಿರಲಿಲ್ಲ. ಕತ್ತಲಲ್ಲಿ ಬೆಟ್ಟ ಹತ್ತುತ್ತಿದ್ದ.

ಒಂದೂವರೆ ಹೊತ್ತಿಗೆ ಅವಳು ಮತ್ತೆ ಕೇಳಿದಳು. 'ಅವರು ಏನೋ ತೋಗೆ ಅಂದ್ರಲ್ಲ, ಅದು ಕಾಯಿಲೆ ಹೆಸರಾ?' ಅಲ್ಲ ಅಂದೆ. ಪರ್ಸಿನಲ್ಲಿ ಕೆಳಗಿನ ಅಂಗಡಿಯ ರಸೀದಿ ಇತ್ತು, ಎರಡು ಕಾಫಿ, ಒಂದು ಬ್ರೆಡ್ಡಿನದು. ಅದನ್ನು ತಿರುಗಿಸಿ ತೊಡೆಯ ಮೇಲಿಟ್ಟುಕೊಂಡು ಆ ಅಕ್ಷರ ಬರೆದು ತೋರಿಸಿದೆ. ಮಾತಾಡಲು ಏನಾದರೂ ಬೇಕಿತ್ತು ಅಲ್ವಾ.

ಆ ಅಕ್ಷರವನ್ನು ಇಲ್ಲಿ ಹೇಗೆ ಹೇಳಲಿ? ಬರೆದೇ ತೋರಿಸಬೇಕು, ಆದರೂ ಪ್ರಯತ್ನ ಮಾಡುತ್ತೇನೆ. ನಿಮ್ಮ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಾ ಬನ್ನಿ. ಎಡಗಡೆ ಬೆಟ್ಟ. ನಡುವೆ ಉದ್ದ ಗೀಟು, ಎಡಕ್ಕೊಂದು ಇಳಿದು ಕೆಳಗೆ ಅಡ್ಡ ತಿರುಗುವ ಗೀಟು, ಬಲಕ್ಕೊಂದು ಚಿಕ್ಕ ಗೀಟು. ಮೂರು ಶಿಖರ ನಿಂತ ಹಾಗೆ. ಜಪಾನಿನ ಮಕ್ಕಳು ಒಂದನೇ ಕ್ಲಾಸಿನಲ್ಲೇ ಕಲಿಯುವ 'ಯಾಮಾ' ಇದು. ಈಗ ಬಲಗಡೆ. ಮೊದಲು ಒಂದು ನೇರ ಗೀಟು, ಅದರ ಬಲಕ್ಕೆ ಚಿಕ್ಕ ಅಡ್ಡಗೀಟು, ಅಡಿಯಲ್ಲಿ ಉದ್ದ ಅಡ್ಡಗೀಟು. ಇದು 'ಮೇಲೆ'. ನೆಲದ ಮೇಲೆ ಏನೋ ಎದ್ದು ನಿಂತ ಹಾಗೆ. ಅದರ ಕೆಳಗೇ ಇನ್ನೊಂದು ಉದ್ದ ಅಡ್ಡಗೀಟು, ಅದರಿಂದ ಇಳಿಯುವ ನೇರ ಗೀಟು, ಪಕ್ಕದಲ್ಲೊಂದು ಚುಕ್ಕೆ. ಇದು 'ಕೆಳಗೆ'. ಮೂರು, ಮೂರು, ಮೂರು. ಒಟ್ಟು ಒಂಬತ್ತು ಗೀಟು. ಬೆಟ್ಟ, ಮೇಲೆ, ಕೆಳಗೆ. ತೋಗೆ ಆಯಿತು.

'ಇಷ್ಟೇನಾ?' ಅಂದಳು ಅವಳು. ಇಷ್ಟೇ. ಒಗಟು ಬಿಡಿಸಿದ ಮೇಲೆ ಸುಲಭ ಅನ್ನಿಸುವ ಹಾಗೆ.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವುದು ಬಲಗಡೆಯ ಎರಡು ಉದ್ದ ಅಡ್ಡಗೀಟು. 'ಮೇಲೆ'ಯ ತಳ ಒಂದು, 'ಕೆಳಗೆ'ಯ ತಲೆ ಇನ್ನೊಂದು. ಎರಡರ ಮಧ್ಯೆ ಒಂದು ಸಣ್ಣ ಸಂದು ಇದೆ. ಘಾಟಿಯ ನೆತ್ತಿಯಲ್ಲಿ ಬಸ್ಸು ನಿಲ್ಲುವಷ್ಟು, ಒಂದು ಚಹಾ ಅಂಗಡಿ ಇಡುವಷ್ಟು ಸಮತಟ್ಟು ಜಾಗ ಸಿಗುತ್ತದಲ್ಲ, ಅದು ಇದೇ ಅಂತ ನಾನೇ ಅಂದುಕೊಂಡಿದ್ದೇನೆ. ಯಾವ ನಿಘಂಟಿನಲ್ಲೂ ಹೀಗೆ ಬರೆದಿಲ್ಲ, ಇದು ನನ್ನ ಹುಚ್ಚು. ಆದರೆ ಈ ಹುಚ್ಚಿಗೆ ಒಂದು ಕಾರಣ ಇದೆ. ಚೀನೀ ಭಾಷೆಯಲ್ಲೂ 'ಮೇಲೆ', 'ಕೆಳಗೆ' ಎರಡನ್ನೂ ಸೇರಿಸಿದ ಒಂದು ಅಕ್ಷರ ಇದೆ. ಅಲ್ಲಿ ಎರಡಕ್ಕೂ ಸೇರಿ ಒಂದೇ ಅಡ್ಡಗೀಟು, ಸಂದು ಇಲ್ಲ. ಅದರ ಅರ್ಥ ಏನು ಗೊತ್ತಾ? ತಪಾಸಣೆ ಗೇಟು. ಸಿಕ್ಕಿಹಾಕಿಕೊಳ್ಳೋದು. ಮೇಲಕ್ಕೂ ಹೋಗದೆ ಕೆಳಕ್ಕೂ ಬರದೆ ಗಂಟಲಲ್ಲಿ ಸಿಕ್ಕಿಕೊಂಡ ತುತ್ತಿಗೂ ಅದನ್ನೇ ಬರೆಯುತ್ತಾರೆ.

ತೋಗೆ ಚೀನಾದಿಂದ ಬಂದ ಅಕ್ಷರವಲ್ಲ. ಇದು ಗೊತ್ತಾದಾಗ ನನಗೆ ಖುಷಿಯಾಗಿತ್ತು. ಜಪಾನಿಗೆ ಸ್ವಂತ ಲಿಪಿ ಇರಲಿಲ್ಲ. ಚೀನಾದಿಂದ, ಕೊರಿಯಾದ ದಾರಿಯಾಗಿ, ಸಾವಿರಾರು ಅಕ್ಷರ ತಂದುಕೊಂಡರು. ತಂದ ಮೇಲೆ ನೋಡಿದರೆ ತಮ್ಮ ಮನೆಯ ಕೆಲವು ಪದಾರ್ಥಕ್ಕೆ ಅಲ್ಲಿ ಸರಿಯಾದ ಡಬ್ಬಿಯೇ ಇಲ್ಲ. ಆಗ ಅದೇ ಬಿಡಿಭಾಗ ಜೋಡಿಸಿ ತಾವೇ ಅಕ್ಷರ ಕಟ್ಟಿಕೊಂಡರು. ಇವಕ್ಕೆ 'ಕೊಕುಜಿ' ಅಂತ ಹೆಸರು. ದೇಶದ ಅಕ್ಷರ, ನಮ್ಮದೇ ಅಕ್ಷರ ಅಂತ.

ಕೊಕುಜಿಗಳ ಪಟ್ಟಿ ಓದೋದು ಹಳ್ಳಿಯವರು ಇಟ್ಟ ಅಡ್ಡಹೆಸರು ಕೇಳಿದ ಹಾಗೆ. ಗದ್ದೆಯ ಪಕ್ಕ ಬೆಂಕಿ ಇಟ್ಟರೆ ಹೊಲ, ಅಂದರೆ ನೀರು ನಿಲ್ಲಿಸದ ಬೇಸಾಯದ ನೆಲ. ಗಾಳಿಯ ಚೌಕಟ್ಟಿನೊಳಗೆ 'ನಿಲ್ಲು' ಅಂತ ಬರೆದರೆ ಅಲೆ ಇಲ್ಲದ ಶಾಂತ ಕಡಲು. ಮನುಷ್ಯನ ಪಕ್ಕ ಚಲನೆ ಇಟ್ಟರೆ ದುಡಿಮೆ. ಮೀನಿನ ಪಕ್ಕ 'ನಿಶ್ಶಕ್ತ' ಅಂತ ಬರೆದರೆ ನಮ್ಮ ಮಂಗಳೂರಿನ ಬೂತಾಯಿ. ನೀರಿಂದ ಮೇಲೆ ತೆಗೆದ ಕೂಡಲೇ ಪ್ರಾಣ ಬಿಡುತ್ತದೆ, ಬೇಗ ಕೆಡುತ್ತದೆ, ಅದಕ್ಕೆ ಆ ಹೆಸರಂತೆ. ಪಾಪ, ಬೂತಾಯಿಗೆ ಇದು ಅನ್ಯಾಯ.

ಚೀನೀ ಅಕ್ಷರಗಳಿಗೆ ಜಪಾನಿನಲ್ಲಿ ಸಾಮಾನ್ಯವಾಗಿ ಎರಡು ಉಚ್ಚಾರ. ಒಂದು ಚೀನಾದಿಂದ ಬಂದದ್ದು, ಒಂದು ಜಪಾನಿನ ದೇಸಿ ಪದ. ತೋಗೆಗೆ ದೇಸಿ ಉಚ್ಚಾರ ಒಂದೇ. ತವರಿಲ್ಲದ ಅಕ್ಷರ, ತವರಿನ ಉಚ್ಚಾರ ಎಲ್ಲಿಂದ ಬರಬೇಕು? ಆದರೂ ದಿನಬಳಕೆಗೆ ಅಂತ ಸರಕಾರ ಗೊತ್ತುಮಾಡಿದ 2,136 ಅಕ್ಷರಗಳ ಪಟ್ಟಿಯಲ್ಲಿ ಇದಕ್ಕೆ ಜಾಗ ಇದೆ. ಇರಲೇಬೇಕು. ದೇಶದ ಮುಕ್ಕಾಲು ಪಾಲು ಬೆಟ್ಟಗುಡ್ಡ. ಒಂದೂರಿಂದ ಇನ್ನೊಂದೂರಿಗೆ ಹೋಗಬೇಕಾದರೆ ಯಾವುದೋ ಒಂದು ತೋಗೆ ಹತ್ತಿ ಇಳಿಯಲೇಬೇಕಿತ್ತು.

ಅಕ್ಷರದ ಕತೆ ಇಷ್ಟು. ಪದದ ಕತೆ ಇದಕ್ಕಿಂತ ಹಳೆಯದು, ನನಗೆ ಅದೇ ಹೆಚ್ಚು ಆಪ್ತ.

ತೋಗೆ ಎಂಬ ಪದ 'ತಮುಕೆ' ಎಂಬುದರಿಂದ ಸವೆದು ಬಂತು ಅನ್ನುವುದು ಹೆಚ್ಚಿನ ಪಂಡಿತರು ಒಪ್ಪುವ ಮಾತು. ತ ಅಂದರೆ ಕೈ. ಮುಕೆ ಅಂದರೆ ಒಂದು ಕಡೆಗೆ ತಿರುಗಿಸೋದು, ಚಾಚೋದು. ತಮುಕೆ ಅಂದರೆ ದೇವರಿಗೆ ಕೈಯೆತ್ತಿ ಕೊಡುವ ಕಾಣಿಕೆ. ಬೆಟ್ಟದ ನೆತ್ತಿಯಲ್ಲಿ ದಾರಿಯ ದೇವರು ಇರುತ್ತಾನೆ, ಅಲ್ಲಿ ನಿಂತು ಕಾಣಿಕೆ ಇಟ್ಟು ಮುಂದೆ ಹೋಗಬೇಕು. ಕಾಣಿಕೆ ಇಡುವ ಜಾಗಕ್ಕೇ ಕಾಣಿಕೆಯ ಹೆಸರು ನಿಂತುಬಿಟ್ಟಿತು. ಹಾಗಾಗಿ ಕಿವಿಗೆ ಕೇಳುವ ತೋಗೆಯಲ್ಲಿ ಬೆಟ್ಟವೂ ಇಲ್ಲ, ಮೇಲೂ ಇಲ್ಲ, ಕೆಳಗೂ ಇಲ್ಲ. ಚಾಚಿದ ಒಂದು ಕೈ ಇದೆ ಅಷ್ಟೆ. ಕಣ್ಣಿಗೆ ಒಂದು ಅರ್ಥ, ಕಿವಿಗೆ ಇನ್ನೊಂದು.

ಇದನ್ನು ಓದಿದ ದಿನ ನನಗೆ ನೆನಪಾಗಿದ್ದು ಕಣಿವೆ ಮಾರಮ್ಮ. ಹೊಳಲ್ಕೆರೆ ಕಡೆಯಿಂದ ಚಿತ್ರದುರ್ಗಕ್ಕೆ ಹೋಗುವ ದಾರಿಯಲ್ಲಿ, ಗುಡ್ಡಗಳ ನಡುವೆ ರಸ್ತೆ ನುಗ್ಗುವಲ್ಲಿ ಮಾರಮ್ಮನ ಗುಡಿ ಇದೆ. ನಾನು ಚಿಕ್ಕವಳಿದ್ದಾಗ ಅಲ್ಲಿಗೆ ಬಂದ ಕೂಡಲೇ ಬಸ್ಸು ನಿಧಾನ ಆಗೋದು. ಕಿಟಕಿ ಪಕ್ಕ ಕೂತವರು ಚಿಲ್ಲರೆ ಎಸೆಯೋರು. ಅಜ್ಜಿ ಸೊಂಟದ ಚೀಲದಿಂದ ನಾಲ್ಕಾಣೆ ತೆಗೆದು ನನ್ನ ಕೈಗೆ ಕೊಟ್ಟು, 'ಎಸೀ, ಜೋರಾಗಿ ಎಸೀ' ಅನ್ನೋಳು. ಶಾಲೆಯ ಪುಸ್ತಕದಲ್ಲಿ ಕಣಿವೆ ಅಂದರೆ ಬೆಟ್ಟಗಳ ನಡುವಿನ ತಗ್ಗು ಪ್ರದೇಶ ಅಂತ ಕಲಿಸಿದರು. ನಮ್ಮ ಕಡೆ ಜನರ ಬಾಯಲ್ಲಿ ಕಣಿವೆ ಅಂದರೆ ಗುಡ್ಡ ದಾಟುವ ದಾರಿ. ತೋಗೆಗೆ ಕನ್ನಡ ಕೇಳಿದರೆ ನಾನು ಘಾಟಿಗಿಂತ ಮೊದಲು ಇದನ್ನೇ ಹೇಳಬೇಕು. ಆದರೆ ಪುಸ್ತಕದ ಅರ್ಥ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಹಾಗೆ ಹೇಳಿದರೆ ಅರ್ಧ ಜನ ತಿರುಗಾ ಮುರುಗಾ ತಿಳಿದುಕೊಳ್ಳುತ್ತಾರೆ.

ಜಪಾನಿನ ಹಳೇ ದಾರಿಹೋಕರು ಎಸೆಯುತ್ತಿದ್ದದ್ದು ಚಿಲ್ಲರೆಯಲ್ಲ, 'ನುಸಾ'. ಬಟ್ಟೆಯನ್ನೋ ಕಾಗದವನ್ನೋ ಚೂರು ಮಾಡಿ ಚೀಲದಲ್ಲಿ ಹಾಕಿಕೊಂಡು ಹೊರಡುತ್ತಿದ್ದರು. ತೋಗೆ ಬಂದಾಗ ಒಂದು ಹಿಡಿ ತೂರುತ್ತಿದ್ದರು. 898ರಲ್ಲಿ ನಿವೃತ್ತ ಚಕ್ರವರ್ತಿ ಉದಾ ಜೊತೆ ಪ್ರಯಾಣ ಹೊರಟ ಸುಗಾವಾರಾ ನೊ ಮಿಚಿಜಾನೆ ಎಂಬ ಪಂಡಿತ, ಈ ಸಲ ನುಸಾ ತರೋಕೆ ಆಗಲಿಲ್ಲ, ಈ ಬೆಟ್ಟದ ಕೆಂಪು ಮೇಪಲ್ ಎಲೆಗಳ ಜರತಾರಿಯನ್ನೇ ಒಪ್ಪಿಸಿಕೋ ದೇವರೇ ಅಂತ ಒಂದು ಪದ್ಯ ಬರೆದ. ತುಂಬಾ ಹೆಸರಾದ ಪದ್ಯ, ಹೊಸವರ್ಷದ ಹೊತ್ತಿಗೆ ಆಡುವ ನೂರು ಪದ್ಯಗಳ ಇಸ್ಪೀಟಿನಲ್ಲೂ ಇದೆ. ಮರೆತು ಬಂದದ್ದಕ್ಕೆ ಇಷ್ಟು ಚೆಂದದ ನೆಪ ಹೇಳಿದವರನ್ನು ನಾನು ಬೇರೆ ಕಾಣೆ.

ಆದರೆ ನನ್ನ ಮನಸ್ಸಿಗೆ ನಾಟಿದ ಪದ್ಯ ಇದಕ್ಕಿಂತ ಹಳೆಯದು, ಇಷ್ಟು ನಯವೂ ಅಲ್ಲ. ನಾಲ್ಕೂವರೆ ಸಾವಿರ ಪದ್ಯಗಳ 'ಮನ್‌ಯೋಶೂ' ಸಂಕಲನದ ಕೊನೆಯ ಸಂಪುಟದಲ್ಲಿ ಗಡಿ ಕಾಯುವ ಸಿಪಾಯಿಗಳ ಪದ್ಯಗಳಿವೆ. 755ರಲ್ಲಿ ಪೂರ್ವದ ಹಳ್ಳಿಗಳಿಂದ ಗಂಡಸರನ್ನು ಹಿಡಿದು ದೂರದ ಕ್ಯೂಶೂ ಕಡಲತೀರ ಕಾಯೋಕೆ ಕಳಿಸುವಾಗ ಅವರಿಂದ ಸಂಗ್ರಹಿಸಿದ್ದು. ಅವರಲ್ಲಿ ಶಿನಾನೋ ಸೀಮೆಯ ಒಬ್ಬ, ತನ್ನ ಸೀಮೆ ದಾಟುವ ಮಿಸಾಕಾ ಎಂಬ ಘಾಟಿಯಲ್ಲಿ ನಿಂತು ಹೇಳುತ್ತಾನೆ: ದೇವರ ಏರಿನಲ್ಲಿ ನುಸಾ ಇಟ್ಟು ಈ ಜೀವ ಕಾಪಾಡು ಅಂತ ಬೇಡುತ್ತಿದ್ದೇನೆ, ಅಮ್ಮ ಅಪ್ಪನಿಗೋಸ್ಕರ. ಅಷ್ಟೇ ಪದ್ಯ. ಅಮ್ಮ ಮೊದಲು, ಅಪ್ಪ ಆಮೇಲೆ. ಮೂಲದಲ್ಲೂ ಹಾಗೇ ಇದೆ.

ಆ ಮಿಸಾಕಾ ತೋಗೆ ಇವತ್ತಿಗೂ ಇದೆ, ಗಿಫು ಮತ್ತು ನಾಗಾನೋ ಪ್ರಾಂತ್ಯಗಳ ಗಡಿಯಲ್ಲಿ. ಎತ್ತರ 1,500 ಮೀಟರಿಗೂ ಜಾಸ್ತಿ. ಅಲ್ಲಿ ನೆಲ ಅಗೆದಾಗ ಮೆದುಕಲ್ಲಿನಲ್ಲಿ ಕೆತ್ತಿದ ಪುಟ್ಟ ಪುಟ್ಟ ಕನ್ನಡಿ, ಕತ್ತಿ, ಬಾಗಿದ ಮಣಿ ಸಿಕ್ಕವು. ಯಾವುದೂ ಬಳಸೋಕೆ ಮಾಡಿದ್ದಲ್ಲ, ದೇವರಿಗೆ ಕೊಡೋಕೇ ಮಾಡಿದ್ದು. ಪದ್ಯ ಬರೆಯೋದಕ್ಕೂ ಎಷ್ಟೋ ಮುಂಚೆ ಅಲ್ಲಿ ಜನ ಕೈ ಚಾಚಿದ್ದರು ಅಂತಾಯಿತು.

ನಮ್ಮ ಕಂಪನಿಯ ಒಂದು ಘಟಕ ಆ ಬೆಟ್ಟದ ಆಚೆ ಇದೆ. ವರ್ಷಕ್ಕೆ ನಾಲ್ಕೈದು ಸಲ ಕಾರಿನಲ್ಲಿ ಹೋಗುತ್ತೇವೆ. ಆದರೆ ತೋಗೆ ಹತ್ತುವುದಿಲ್ಲ. 1975ರಿಂದ ಅಲ್ಲಿ ಎಕ್ಸ್‌ಪ್ರೆಸ್‌ವೇ ಸುರಂಗ ಇದೆ, ಎನಾಸಾನ್ ಬೆಟ್ಟದ ಹೊಟ್ಟೆಯೊಳಗೆ 8 ಕಿಲೋಮೀಟರಿಗೂ ಉದ್ದ. ಹಳದಿ ದೀಪ, ಫ್ಯಾನಿನ ಗುಂಯ್ ಸದ್ದು, ಆರೇಳು ನಿಮಿಷ. ಪಕ್ಕದಲ್ಲಿ ಕೂತವರು ಮೊಬೈಲಿನಿಂದ ತಲೆ ಎತ್ತುವುದಿಲ್ಲ. ತಲೆಯ ಮೇಲೆ ಎಲ್ಲೋ ಒಬ್ಬ ಹುಡುಗ ಅಮ್ಮ ಅಪ್ಪನಿಗೋಸ್ಕರ ನಿಂತಿದ್ದಾನೆ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ, ಹೇಳಿದರೆ ನಗುತ್ತಾರೆ ಅಂತ ಸುಮ್ಮನಿರುತ್ತೇನೆ.

ಸುರಂಗ ಬರುವ ಮುಂಚೆ ರೈಲಿಗೂ ತೋಗೆ ಸುಲಭವಿರಲಿಲ್ಲ. ಗುನ್ಮಾ ಮತ್ತು ನಾಗಾನೋ ನಡುವಿನ ಉಸುಯಿ ತೋಗೆಯಲ್ಲಿ 1893ರಲ್ಲಿ ಹಳಿ ಹಾಕಿದರು. 15 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲಕ್ಕೆ. ನಮ್ಮ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಹಳಿ 50ಕ್ಕೆ 1, ಅದಕ್ಕೇ ನಾವು ಎಷ್ಟು ಬೆರಗುಪಡುತ್ತೇವೆ! ಹಾಗಾಗಿ ಉಸುಯಿಯಲ್ಲಿ ಮೊದಲಿಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇತ್ತು. 1963ರಲ್ಲಿ ಅದನ್ನು ತೆಗೆದ ಮೇಲೂ ತಪ್ಪಲಿನ ಯೋಕೊಕಾವಾ ಸ್ಟೇಷನ್ನಿನಲ್ಲಿ ಎಲ್ಲ ರೈಲೂ ನಿಂತು, ತಳ್ಳೋಕೆ ಹೆಚ್ಚುವರಿ ಎಂಜಿನ್ ಕಟ್ಟಿಸಿಕೊಳ್ಳಬೇಕಿತ್ತು. ನಿಂತ ರೈಲು ಅಂದರೆ ಹಸಿದ ಜನ. 1958ರಲ್ಲಿ ಅಲ್ಲಿನ ಅಂಗಡಿಯೊಂದು ಪುಟ್ಟ ಮಣ್ಣಿನ ಮಡಕೆಯಲ್ಲಿ ಬಿಸಿಬಿಸಿ ಅನ್ನ ಮಾರೋಕೆ ಶುರು ಮಾಡಿತು. ಹೆಸರು 'ತೋಗೆ ನೊ ಕಾಮಾಮೆಶಿ', ಅಂದರೆ ಘಾಟಿಯ ಮಡಕೆ ಅನ್ನ. 1997ರಲ್ಲಿ ಬುಲೆಟ್ ರೈಲು ಬಂದು ಆ ಹಳಿ ಮುಚ್ಚಿತು. ಅನ್ನ ಈಗಲೂ ಸಿಗುತ್ತದೆ. ತಿಂದಾದ ಮೇಲೆ ಮಡಕೆ ಬಿಸಾಕೋಕೆ ಮನಸ್ಸು ಬರುವುದಿಲ್ಲ. ನನ್ನ ಅಡುಗೆಮನೆಯಲ್ಲಿ ಒಂದರಲ್ಲಿ ಹುಣಸೆಹಣ್ಣು ಇದೆ.

ಎಲ್ಲ ತೋಗೆಯಲ್ಲೂ ಚಹಾ ಮತ್ತು ಅನ್ನದ ಕತೆಯೇ ಇರುವುದಿಲ್ಲ. ನೊಮುಗಿ ತೋಗೆಯ ಕತೆ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ.

ನೊಮುಗಿ ಇರುವುದು 1,672 ಮೀಟರ್ ಎತ್ತರದಲ್ಲಿ. ಈ ಕಡೆ ಹಿದಾ ಎಂಬ ಬಡ ಬೆಟ್ಟದ ಸೀಮೆ, ಆ ಕಡೆ ಸುವಾ ಕೆರೆಯ ದಡದ ಒಕಾಯಾ ಪಟ್ಟಣ. ನೂರು ನೂರಿಪ್ಪತ್ತು ವರ್ಷದ ಹಿಂದೆ ಒಕಾಯಾ ತುಂಬ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗಳು. ಕುದಿವ ನೀರಿನಲ್ಲಿ ಗೂಡು ಹಾಕಿ ಎಳೆ ಹಿಡಿಯೋದು. ರಾಮನಗರ, ಶಿಡ್ಲಘಟ್ಟದವರಿಗೆ ಆ ವಾಸನೆ ಏನು ಅಂತ ನಾನು ಹೇಳಬೇಕಿಲ್ಲ. ಜಪಾನ್ ಹೊರಗೆ ಮಾರುತ್ತಿದ್ದ ಸರಕಿನಲ್ಲಿ ರೇಷ್ಮೆಯದೇ ದೊಡ್ಡ ಪಾಲು. ಆ ಎಳೆ ಹಿಡಿದ ಕೈಗಳು ಹಿದಾದ ಹಳ್ಳಿ ಹುಡುಗಿಯರವು, ಎಷ್ಟೋ ಜನಕ್ಕೆ ಹನ್ನೆರಡು ಹದಿಮೂರು ವರ್ಷ. ವರ್ಷಾರಂಭದಲ್ಲಿ ಗುಂಪು ಗುಂಪಾಗಿ ಹಿಮದಲ್ಲಿ ದಿನಗಟ್ಟಲೆ ನಡೆದು ನೊಮುಗಿ ದಾಟಿ ಹೋಗುತ್ತಿದ್ದರು. ವರ್ಷದ ಕೊನೆಗೆ ಕೂಲಿ ಹಿಡಿದು ಅದೇ ದಾರಿಯಲ್ಲಿ ವಾಪಸ್.

ಅವರಲ್ಲಿ ಮಸಾಯಿ ಮಿನೆ ಎಂಬ ಇಪ್ಪತ್ತು ವರ್ಷದವಳು 1909ರ ನವೆಂಬರಿನಲ್ಲಿ ಹೊಟ್ಟೆಯ ಸೋಂಕಿನಿಂದ ಹಾಸಿಗೆ ಹಿಡಿದಳು. ಬಂದು ಕರೆದುಕೊಂಡು ಹೋಗಿ ಅಂತ ಕಾರ್ಖಾನೆಯಿಂದ ಮನೆಗೆ ತಂತಿ ಹೋಯಿತು. ಅಣ್ಣ ಹಗಲು ರಾತ್ರಿ ನಡೆದು ಬಂದ. ಬೆನ್ನಿಗೆ ಕಟ್ಟುವ ಹಲಗೆಯ ಮೇಲೆ ತಂಗಿಯನ್ನು ಕೂರಿಸಿ, ಹಗ್ಗದಿಂದ ಬಿಗಿದು, ಊರಿಗೆ ಹೊರಟ. ಅವಳು ಕೂತಿದ್ದು ಹಿಂದಕ್ಕೆ ಮುಖ ಮಾಡಿ. ಅಂದರೆ ಅವನು ಹತ್ತುವಷ್ಟು ಹೊತ್ತೂ ಅವಳಿಗೆ ಕಾಣುತ್ತಿದ್ದದ್ದು ಬಿಟ್ಟು ಬಂದ ದಾರಿ. ನವೆಂಬರ್ 20ಕ್ಕೆ ನೊಮುಗಿಯ ನೆತ್ತಿ ಮುಟ್ಟಿದರು. ಅಲ್ಲಿನ ಚಹಾ ಅಂಗಡಿಯಲ್ಲಿ ಅಣ್ಣ ಅವಳನ್ನು ಇಳಿಸಿ, ಸೋಬಾ, ಅಂದರೆ ಬಕ್‌ವೀಟ್ ಕಾಳಿನ ಗಂಜಿ ಕೊಡಿಸಿದ. ಅವಳು ಮುಟ್ಟಲಿಲ್ಲ. 'ಆ, ಹಿದಾ ಕಾಣ್ತಿದೆ' ಅಂದಳಂತೆ. ಅಲ್ಲೇ ಪ್ರಾಣ ಹೋಯಿತು.

ಈಗ ಅಲ್ಲಿ ತಂಗಿಯನ್ನು ಹೊತ್ತ ಅಣ್ಣನ ಪ್ರತಿಮೆ ಇದೆ. ನಾನು ಒಂದು ಅಕ್ಟೋಬರಿನಲ್ಲಿ ಹೋಗಿದ್ದೆ. ಗೈಡು ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚಿಗೆ ಅಲ್ಲಿ ನೋಡೋಕೆ ಏನೂ ಇಲ್ಲ. ಮೊಣಕಾಲೆತ್ತರದ ಕಾಡು ಬಿದಿರುಹುಲ್ಲು, ಗಾಳಿ, ಒಂದು ಕಡೆ ಇಳಿಜಾರು, ಇನ್ನೊಂದು ಕಡೆಯೂ ಇಳಿಜಾರು. ಬರಗಾಲದಲ್ಲಿ ಆ ಹುಲ್ಲಿನ ಬೀಜವನ್ನೇ ಜನ ಹಿಟ್ಟು ಮಾಡಿ ತಿಂದರಂತೆ. ಆ ಬೀಜದ ಹೆಸರೇ ನೊಮುಗಿ, ಅಂದರೆ ಕಾಡು ಗೋಧಿ.

ಆಸ್ಪತ್ರೆಯ ಆ ರಾತ್ರಿ ನಾನು ಹುಡುಗಿಗೆ ಈ ಕತೆ ಮಾತ್ರ ಹೇಳಲಿಲ್ಲ. ಕಾಣಿಕೆಯ ಕತೆ ಹೇಳಿದೆ. ಕಣಿವೆ ಮಾರಮ್ಮನ ವಿಷಯ ಹೇಳಿದೆ. ಅವಳು ರಸೀದಿಯನ್ನು ಮಡಿಸಿ ಪರ್ಸಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಮುಚ್ಚಿಕೊಂಡು ಏನೋ ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ಯಾವ ದೇವರಿಗೆ ಹರಕೆ ಹೊತ್ತಳೋ ನಾನು ಕೇಳಲಿಲ್ಲ. ಬೆಳಿಗ್ಗೆ ಆರೂವರೆಗೆ ನರ್ಸ್ ಬಂದು ಜ್ವರ ಇಳಿಯುತ್ತಿದೆ ಅಂದರು. ಎಂಟಕ್ಕೆ ಡಾಕ್ಟರು ಬಂದರು. ನಿನ್ನೆಯದೇ ಅಂಗಿ, ಕೆಂಪು ಕಣ್ಣು. 'ತೋಗೆ ವೊ ಕೋಶಿಮಾಶಿತಾ.' ತೋಗೆ ದಾಟಿದರು. ಈ ಸಲ ಅನುವಾದ ಬೇಕಾಗಲಿಲ್ಲ. ತೋಗೆ ಅನ್ನೋದು ಕಿವಿಗೆ ಬಿದ್ದ ಕೂಡಲೇ ಅವಳು ಅವರ ಮುಖ ನೋಡಿ, ಅಲ್ಲೇ ಕುಕ್ಕರಿಸಿ ಅಳೋಕೆ ಶುರು ಮಾಡಿದಳು.

ಈ ಮಾತನ್ನು ಜಪಾನಿನಲ್ಲಿ ಎಲ್ಲದಕ್ಕೂ ಬಳಸುತ್ತಾರೆ. ಆಗಸ್ಟ್ ಮುಗಿಯುವಾಗ 'ಸೆಕೆ ತೋಗೆ ದಾಟಿತು' ಅನ್ನುತ್ತಾರೆ. ಆಫೀಸಿನಲ್ಲಿ ನಮ್ಮ ಮ್ಯಾನೇಜರ್ ಪ್ರತಿ ಪ್ರಾಜೆಕ್ಟಿಗೂ ಇದನ್ನು ಹೇಳುತ್ತಾರೆ, ಅವರು ಹೇಳಿದ ಮೇಲೂ ಎರಡು ತಿಂಗಳು ನಾವು ರಾತ್ರಿ ಹತ್ತರ ತನಕ ಕೂತಿರುತ್ತೇವೆ. ಇಂಟರ್ನೆಟ್ಟಿನಲ್ಲಿ ತೋಗೆ ಅಂತ ಹುಡುಕಿದರೆ ಮಾತ್ರ ಇದ್ಯಾವುದೂ ಬರುವುದಿಲ್ಲ. ರಾತ್ರಿ ಹೊತ್ತು ಘಾಟಿ ತಿರುವಿನಲ್ಲಿ ಟಯರು ಕಿರುಚಿಸಿಕೊಂಡು ಕಾರು ಓಡಿಸುವ ಹುಡುಗರ ವಿಡಿಯೋ ಸಾಲು ಸಾಲು.

ಮೇ ತಿಂಗಳಲ್ಲಿ, ಅವನಿಗೆ ಪೂರ್ತಿ ಗುಣವಾದ ಮೇಲೆ, ಗಂಡ ಹೆಂಡತಿ ಇಬ್ಬರನ್ನೂ ಮಾಗೊಮೆಗೆ ಕರೆದುಕೊಂಡು ಹೋದೆ. ಎದೋ, ಅಂದರೆ ಈಗಿನ ಟೋಕಿಯೋ, ಮತ್ತು ಕ್ಯೋಟೋ ನಡುವೆ ಬೆಟ್ಟಗಳ ಮಧ್ಯೆ ಹಾದುಹೋಗುವ ಹಳೆಯ ಹೆದ್ದಾರಿ ನಾಕಾಸೆಂದೋ. ಅದರ 69 ತಂಗುದಾಣಗಳಲ್ಲಿ ಮಾಗೊಮೆ ಒಂದು, ತ್ಸುಮಾಗೊ ಇನ್ನೊಂದು. ನಡುವೆ ಸುಮಾರು 8 ಕಿಲೋಮೀಟರ್ ಕಾಲುದಾರಿ, ಅದರ ನೆತ್ತಿಯಲ್ಲಿ ಮಾಗೊಮೆ ತೋಗೆ. ಎತ್ತರ 800 ಮೀಟರ್ ಆಸುಪಾಸು. ನಮ್ಮ ಚಾರಣದವರು ನಕ್ಕುಬಿಡುವಂಥ ಸಣ್ಣ ಏರು. ಆದರೆ ಶ್ವಾಸಕೋಶ ಒಮ್ಮೆ ಕೈಕೊಟ್ಟವನಿಗೆ ಅದೇ ಸಾಕು.

ಕಲ್ಲು ಹಾಸಿದ ಬೀದಿ ಮುಗಿದ ಮೇಲೆ ಕಾಡು. ಅಲ್ಲಲ್ಲಿ ಕಂಬಕ್ಕೆ ಹಿತ್ತಾಳೆ ಗಂಟೆ ತೂಗುಹಾಕಿದ್ದಾರೆ. ಕರಡಿ ದೂರ ಹೋಗಲಿ ಅಂತ ಹೊಡೆಯಬೇಕು. ಹುಡುಗಿ ಒಂದನ್ನೂ ಬಿಡದೆ ಹೊಡೆದಳು, ಥೇಟ್ ದೇವಸ್ಥಾನದ ಗಂಟೆ ಹೊಡೆದ ಹಾಗೆ. ನೆತ್ತಿಗೆ ಸ್ವಲ್ಪ ಮುಂಚೆ ಒಂದು ಪುಟ್ಟ ಕೇರಿ ಸಿಗುತ್ತದೆ. ಅದರ ಹೆಸರೂ ತೋಗೆ. ಹಿಂದೆ ಅಲ್ಲಿದ್ದವರು ಎತ್ತಿನ ಮೇಲೆ ಹೇರು ಹೊರಿಸಿಕೊಂಡು ಸರಕು ಸಾಗಿಸುವವರು. ಅವನು ಪ್ರತಿ ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ, ನಾವು ಹೂ ನೋಡುವ ನೆಪ ಮಾಡಿಕೊಂಡು ನಿಲ್ಲುತ್ತಿದ್ದೆವು.

ನೆತ್ತಿಯಲ್ಲಿ ಒಂದು ಚಹಾ ಅಂಗಡಿ, ಒಂದು ಮರದ ಬೋರ್ಡು. ಈಚೆ ಗಿಫು, ಆಚೆ ನಾಗಾನೋ. ನಾನು ನೀರಿನ ಬಾಟಲಿ ತೆಗೆಯುತ್ತಿದ್ದೆ. ಹಿಂದಿನಿಂದ ಅವಳ ಧ್ವನಿ.

'ಅಕ್ಕಾ, ಇದು ಆಸ್ಪತ್ರೆ ಅಕ್ಷರ ಅಲ್ವಾ?'

ಬೋರ್ಡಿನ ಮೇಲೆ ಬೆರಳಿಟ್ಟಿದ್ದಳು. ಬೆಟ್ಟ, ಮೇಲೆ, ಕೆಳಗೆ. ಜಪಾನಿಗೆ ಬಂದವರೆಲ್ಲ ಮೊದಲು ಓದೋಕೆ ಕಲಿಯೋದು 'ಹೊರಗೆ ಹೋಗುವ ದಾರಿ', 'ಹೆಂಗಸರು', 'ನಿಲ್ದಾಣ'. ಇವಳು ಕಲಿತದ್ದು ತೋಗೆ.

ಅವನಿಗೆ ಏನೂ ಅರ್ಥವಾಗಲಿಲ್ಲ. 'ಯಾವ ಆಸ್ಪತ್ರೆ ಅಕ್ಷರ?' ಅಂದ. ಆ ರಾತ್ರಿಯ ಅರಿವು ಅವನಿಗೆ ಎಲ್ಲಿತ್ತು? ಅವಳು ಪರ್ಸಿನಿಂದ ಮಡಿಸಿದ ಚೀಟಿ ತೆಗೆದಳು. ಅದೇ ರಸೀದಿ. ಮುಂದೆ ಅಚ್ಚಾಗಿದ್ದ ಕಾಫಿ, ಬ್ರೆಡ್ಡಿನ ಲೆಕ್ಕ ಮಾಸಿ ಬಿಳಿಯಾಗಿತ್ತು. ಹಿಂದೆ ನನ್ನ ಪೆನ್ನಿನ ಅಕ್ಷರ ಹಾಗೇ ಇತ್ತು. ಅವಳು ಅದನ್ನು ಬೋರ್ಡಿನ ಪಕ್ಕ ಹಿಡಿದು ಒಂದಕ್ಕೊಂದು ತಾಳೆ ನೋಡಿದಳು.

'ನೀವು ಬರ್ದಿದ್ದು ತಪ್ಪಿದೆ ಅಕ್ಕಾ. ಇಲ್ಲಿ ಈ ಎರಡು ಗೀಟು ಅಂಟ್ಕೊಂಡಿದೆ ನೋಡಿ.'

ನೋಡಿದೆ. ನಿಜ. ಎರಡು ಅಡ್ಡಗೀಟು ಒಂದರ ಮೇಲೊಂದು ಬಿದ್ದು ಒಂದೇ ದಪ್ಪ ಗೆರೆ ಆಗಿತ್ತು. ಮಧ್ಯದ ಸಂದು ಮುಚ್ಚಿಹೋಗಿತ್ತು. ಹದಿನಾಲ್ಕು ವರ್ಷದಿಂದ ಬರೆಯುತ್ತಿರುವ ಅಕ್ಷರ.

ಪೆನ್ನು ಕೊಟ್ಟು 'ನೀನೇ ಬರಿ' ಅಂದೆ. ಅಂಗಡಿಯ ಬೆಂಚಿನ ಮೇಲೆ ಕೂತು ಅವಳು ನನ್ನದರ ಕೆಳಗೆ ಬರೆದಳು, ನಿಧಾನಕ್ಕೆ, ಬಾಯಲ್ಲಿ ಎಣಿಸಿಕೊಂಡು. ನಾನು ಹೋಗಿ ಗೊಹೇಯಿ ಮೋಚಿ ತಂದೆ. ಅನ್ನವನ್ನು ಕುಟ್ಟಿ ಕಡ್ಡಿಗೆ ಮೆತ್ತಿ, ಅಕ್ರೋಟು ಮತ್ತು ಸೋಯಾ ಗೊಜ್ಜು ಸವರಿ ಕೆಂಡದ ಮೇಲೆ ಸುಟ್ಟಿದ್ದು. ಗೊಹೇಯಿ ಅಂದರೆ ಕಡ್ಡಿಗೆ ಕಾಗದ ಕಟ್ಟಿ ದೇವರ ಮುಂದೆ ಇಡುವ ಕಾಣಿಕೆ. ಈ ತಿಂಡಿಯ ಆಕಾರ ಅದರ ಹಾಗಿದೆ ಅಂತ ಈ ಹೆಸರು ಬಂತಂತೆ. ಅವನು ಎರಡು ತಿಂದ. ಮೂರನೆಯದಕ್ಕೆ ಕೈ ಹಾಕುತ್ತಾ ಕೇಳಿದ, 'ಇನ್ನೆಷ್ಟು ದೂರ ಇದೆ ಅಕ್ಕಾ?'

'ಐದು ಕಿಲೋಮೀಟರ್. ಪೂರ್ತಿ ಇಳಿಜಾರು.'

'ಇಳಿಯೋದಾ? ಹಂಗಾದ್ರೆ ಮಂಡಿ ಕತೆ ಮುಗೀತು ಬಿಡಿ' ಅಂತ ಷೂ ಲೇಸು ಬಿಗಿ ಮಾಡಿಕೊಂಡ.